ಎಪ್ಪತ್ತೊಂದು ದಿನಗಳ ಅಂತರ: 1947ರ ಮೈಸೂರು ಸಂಸ್ಥಾನ ಮತ್ತು ತುಮಕೂರು ಸೀಮೆಯ ಗಡಿ ತಾಲ್ಲೂಕುಗಳು

ಪೀಠಿಕೆ

ಭಾರತದ ಬಿಡುಗಡೆಯ ಚರಿತ್ರೆ 1947ರ ಆಗಸ್ಟ್ 15ಕ್ಕೆ ಬಂದು ನಿಲ್ಲುತ್ತದೆ. ಮೈಸೂರು ಸಂಸ್ಥಾನದ ಪ್ರಜೆಗಳ ಮಟ್ಟಿಗೆ ಅದು ಅಲ್ಲಿಗೆ ಮುಗಿಯಲಿಲ್ಲ. ಆ ದಿನ ಬ್ರಿಟಿಷರು ಹೋದರು. ದಿವಾನರ ಆಡಳಿತ ಉಳಿಯಿತು. ಮೈಸೂರು ಕಾಂಗ್ರೆಸ್ಸಿನ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದದ್ದು ಅಕ್ಟೋಬರ್ 25ರಂದು. ನಡುವೆ 71 ದಿನಗಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಿಂದ ನೋಡಿದರೆ ಆ ದಿನಗಳ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ಇಲ್ಲಿ ಪ್ರಾಂತ್ಯದ ಗಡಿ ಕಾಲ್ನಡಿಗೆಯ ದೂರದಲ್ಲಿತ್ತು. ಆದ್ದರಿಂದ ಬ್ರಿಟಿಷರಿಂದ ಬಿಡುಗಡೆ ಮತ್ತು ಜನರ ಕೈಗೆ ಅಧಿಕಾರ ಎಂಬ ಎರಡು ಸಂಗತಿಗಳ ನಡುವಿನ ವ್ಯತ್ಯಾಸ ಇಲ್ಲಿನವರಿಗೆ ದಿನನಿತ್ಯದ ಅನುಭವವೇ ಆಗಿತ್ತು ಎಂಬುದು ಈ ಲೇಖನದ ಪ್ರತಿಪಾದನೆ.

ಗಡಿಯ ಸ್ವರೂಪ

ಅಂದಿನ ಭೂಪಟದಲ್ಲಿ ತುಮಕೂರು ಜಿಲ್ಲೆಯ ಉತ್ತರದ ಅಂಚು ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಯೊಂದಿಗೆ ಹೆಣೆದುಕೊಂಡಿತ್ತು. ಶಿರಾ, ಮಧುಗಿರಿ, ಪಾವಗಡಗಳ ನಡುವೆ ಮಡಕಶಿರಾ ತಾಲ್ಲೂಕು ಚಾಚಿಕೊಂಡಿತ್ತು, ಪೂರ್ವಕ್ಕೆ ಹಿಂದೂಪುರ. ಪಾವಗಡವನ್ನಂತೂ ಬಹುಮಟ್ಟಿಗೆ ಮದರಾಸು ಪ್ರಾಂತ್ಯದ ನೆಲವೇ ಸುತ್ತುವರಿದಿತ್ತು. ಎರಡೂ ಕಡೆ ಕನ್ನಡ, ತೆಲುಗು ಮಾತನಾಡುವವರಿದ್ದರು. ಸಂತೆ, ಜಾತ್ರೆ, ಹೆಣ್ಣು ಕೊಟ್ಟು ತರುವ ನಂಟು ಇವು ಯಾವುವೂ ಗಡಿಕಲ್ಲಿಗೆ ನಿಲ್ಲುತ್ತಿರಲಿಲ್ಲ.

ನಿಲ್ಲುತ್ತಿದ್ದದ್ದು ಆಡಳಿತ. 1947ರ ಮಾರ್ಚ್‌ನಿಂದ ಮದರಾಸಿನಲ್ಲಿ ಓಮಂದೂರು ರಾಮಸ್ವಾಮಿ ರೆಡ್ಡಿಯಾರ್ ನೇತೃತ್ವದ ಚುನಾಯಿತ ಕಾಂಗ್ರೆಸ್ ಸರ್ಕಾರವಿತ್ತು. ಮೈಸೂರಿನಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ, 1907ರಿಂದ ನ್ಯಾಯವಿಧಾಯಕ ಸಭೆ ನಡೆದುಬಂದಿದ್ದವು. ಸಂಸ್ಥಾನಗಳಲ್ಲೇ ಇದು ಮುಂದುವರಿದ ವ್ಯವಸ್ಥೆ ಎಂಬ ಹೆಸರೂ ಇತ್ತು. ಆದರೆ ದಿವಾನರು ಮಹಾರಾಜರಿಗೆ ಉತ್ತರ ಹೇಳಬೇಕಿತ್ತೇ ಹೊರತು ಈ ಸಭೆಗಳಿಗಲ್ಲ. ಪ್ರಶ್ನೆ ಕೇಳುವ ಹಕ್ಕು ಜನರಿಗಿತ್ತು. ಸರ್ಕಾರವನ್ನು ಬದಲಿಸುವ ಹಕ್ಕು ಇರಲಿಲ್ಲ.

ಈ ಕೊರತೆಯ ವಿರುದ್ಧದ ಹೋರಾಟ 1947ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಪೊಲೀಸರು ಸೇರಿದ ಜನರ ಮೇಲೆ ಗುಂಡು ಹಾರಿಸಿದರು. ಮಧುಗಿರಿ ಸೀಮೆಗೆ ಅದು ದೂರದ ಸುದ್ದಿಯಲ್ಲ, ನೆರೆ ತಾಲ್ಲೂಕಿನ ಸಾವು. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತುಕತೆ ನಡೆಸಿದ ಮೇಲೆ ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜ ಹಾರಿಸಲು ಅವಕಾಶ ಸಿಕ್ಕಿತು. ಜನಪ್ರತಿನಿಧಿಗಳಿಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರದ ಬೇಡಿಕೆ ಮಾತ್ರ ಹಾಗೇ ಉಳಿಯಿತು.

ಸೇರ್ಪಡೆ ಪತ್ರ ಕೊಟ್ಟದ್ದೆಷ್ಟು?

ಜೂನ್ 3ರ ಯೋಜನೆ ದೇಶ ವಿಭಜನೆಯನ್ನು ಖಚಿತಪಡಿಸಿತು. ಆಗಸ್ಟ್ 15ಕ್ಕೆ ಸಂಸ್ಥಾನಗಳ ಮೇಲಿನ ಬ್ರಿಟಿಷ್ ಪರಮಾಧಿಕಾರ ಕೊನೆಗೊಳ್ಳಲಿತ್ತು. ತಿರುವಾಂಕೂರಿನ ದಿವಾನ ಸಿ.ಪಿ. ರಾಮಸ್ವಾಮಿ ಅಯ್ಯರ್ ಸ್ವತಂತ್ರವಾಗಿ ಉಳಿಯುವ ಮಾತಾಡಿದರು. ಹೈದರಾಬಾದಿನ ನಿಜಾಮರು ಅದೇ ಹಟ ಹಿಡಿದರು. ಮೈಸೂರು ಆ ದಾರಿ ತುಳಿಯಲಿಲ್ಲ. ಜಯಚಾಮರಾಜ ಒಡೆಯರ್ ಆಗಸ್ಟ್ 9ರಂದೇ ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದರು. ಅದಕ್ಕೂ ಮುಂಚೆ, ಜುಲೈ 26ರಂದು, ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರಿಂದ ಸಂಸ್ಥಾನಕ್ಕೆ ಮರಳಿತ್ತು.

ಮಹಾರಾಜರ ಈ ನಿರ್ಧಾರ ಗೌರವಕ್ಕೆ ಅರ್ಹವಾದದ್ದು. ಅದರ ಮಿತಿಯನ್ನೂ ಗುರುತಿಸಬೇಕು. ಸೇರ್ಪಡೆ ಪತ್ರ ಭಾರತಕ್ಕೆ ಒಪ್ಪಿಸಿದ್ದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯಗಳನ್ನು. ಕಂದಾಯ, ಪೊಲೀಸು, ನ್ಯಾಯಾಲಯ, ಶಾಲೆ, ಧಾನ್ಯದ ಲೆವಿ ಎಲ್ಲವೂ ಸಂಸ್ಥಾನದಲ್ಲೇ ಉಳಿದವು. ರೈತನ ಬದುಕನ್ನು ಮುಟ್ಟುತ್ತಿದ್ದದ್ದು ಈ ಎರಡನೆಯ ಪಟ್ಟಿ. ಯುದ್ಧಕಾಲದ ಪಡಿತರ ಮತ್ತು ಲೆವಿ ಇನ್ನೂ ಮುಂದುವರಿದಿದ್ದ ಆ ಹೊತ್ತಿನಲ್ಲಿ, ಮಳೆ ಕಡಿಮೆಯ ಈ ಬಯಲುಸೀಮೆಯ ರಾಗಿ ಬೆಳೆಗಾರ ಎದುರಿಸಬೇಕಾಗಿದ್ದದ್ದು ಅಮಲ್ದಾರ, ಶೇಕ್‌ದಾರ, ಪಟೇಲ, ಶಾನುಭೋಗರನ್ನು. ಆಗಸ್ಟ್ 15ರ ಮರುದಿನವೂ ಅವರು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಸರ್ಕಾರದ ನೌಕರರೇ ಆಗಿದ್ದರು.

ಮೈಸೂರು ಚಲೋ

ಮೈಸೂರು ಕಾಂಗ್ರೆಸ್ ಸೆಪ್ಟೆಂಬರ್ 1ರಂದು ಚಳವಳಿ ಆರಂಭಿಸಿತು. ಹೆಸರು ‘ಮೈಸೂರು ಚಲೋ’. ಅರಮನೆಯ ಮುಂದೆ ಸತ್ಯಾಗ್ರಹ ಮಾಡುವ ಸಂಕಲ್ಪ. ಮುಖಂಡರ ಬಂಧನವಾದರೂ ಅದು ಅಡಗಲಿಲ್ಲ. ವಿದ್ಯಾರ್ಥಿಗಳು ತರಗತಿ ಬಿಟ್ಟರು, ಕಾರ್ಮಿಕರು ಮುಷ್ಕರ ಹೂಡಿದರು, ಸರ್ಕಾರಿ ಕಚೇರಿ ಮತ್ತು ಕೋರ್ಟುಗಳ ಮುಂದೆ ಪಿಕೆಟಿಂಗ್ ನಡೆಯಿತು. ಮೈಸೂರಿನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಅಲ್ಲಿನ ವೃತ್ತ ಇಂದಿಗೂ ಹೊತ್ತಿದೆ. ತುಮಕೂರು ಪಟ್ಟಣದಲ್ಲೂ ಗೋಲಿಬಾರ್ ನಡೆದು ಜೀವಹಾನಿಯಾಯಿತು. ದೇಶ ಸ್ವತಂತ್ರವಾದ ತಿಂಗಳೊಳಗೆ, ಭಾರತಕ್ಕೆ ಸೇರಿದ ಸಂಸ್ಥಾನದಲ್ಲಿ, ಜವಾಬ್ದಾರಿ ಸರ್ಕಾರ ಕೇಳಿದವರು ಗುಂಡಿಗೆ ಎದೆಯೊಡ್ಡಬೇಕಾಯಿತು. 1947ನ್ನು ಬರೆಯುವ ಯಾವ ಚರಿತ್ರೆಕಾರನೂ ಈ ಸಂಗತಿಯನ್ನು ದಾಟಿಹೋಗುವಂತಿಲ್ಲ.

ಈ ಹೋರಾಟಕ್ಕೆ ಬಲ ಕೊಟ್ಟ ಅಂಶಗಳಲ್ಲಿ ಗಡಿಯೂ ಒಂದು. ಸಂಸ್ಥಾನದ ಪೊಲೀಸರ ಅಧಿಕಾರ ಸಂಸ್ಥಾನದ ಎಲ್ಲೆಗೇ ಮುಗಿಯುತ್ತಿತ್ತು. ಆಚೆ ಮದರಾಸು ಮತ್ತು ಬೊಂಬಾಯಿ ಪ್ರಾಂತ್ಯಗಳಲ್ಲಿ ಕಾಂಗ್ರೆಸ್ಸಿನದೇ ಸರ್ಕಾರ. ಪತ್ರಿಕೆಗಳ ಮೇಲೆ ನಿರ್ಬಂಧ ಬಿಗಿಯಾದಾಗ ಎಚ್.ಎಸ್. ದೊರೆಸ್ವಾಮಿಯವರು ತಮ್ಮ ‘ಪೌರವಾಣಿ’ ಪತ್ರಿಕೆಯನ್ನು ಹಿಂದೂಪುರದಿಂದ ಹೊರತಂದರು. ಊರಿನ ಆಯ್ಕೆಯೇ ಬಹಳ ಹೇಳುತ್ತದೆ: ಅದು ರೈಲಿರುವ ಊರು, ಗಡಿಗೆ ಅಂಟಿಕೊಂಡ ಊರು, ಮೈಸೂರಿನ ಆಜ್ಞೆ ನಡೆಯದ ಊರು. ಮೈಸೂರಿನೊಳಗೆ ಅಪರಾಧವಾಗಿದ್ದ ಬರಹ ಕೆಲವೇ ಮೈಲಿ ಆಚೆ ನಿರಾತಂಕವಾಗಿ ಅಚ್ಚಾಗುತ್ತಿತ್ತು.

ಒಪ್ಪಂದ ಮತ್ತು ಮಂತ್ರಿಮಂಡಲ

ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಸರ್ಕಾರವೂ ಕಾಂಗ್ರೆಸ್ಸೂ ಒಪ್ಪಂದಕ್ಕೆ ಬಂದವು, ಸತ್ಯಾಗ್ರಹಿಗಳ ಬಿಡುಗಡೆಯಾಯಿತು. 25ರಂದು ರಚನೆಯಾದ ಮಂತ್ರಿಮಂಡಲದಲ್ಲಿ ಎಚ್.ಸಿ. ದಾಸಪ್ಪ, ಕೆ.ಟಿ. ಭಾಷ್ಯಂ ಮೊದಲಾದವರ ಜೊತೆಗೆ ತುಮಕೂರು ಜಿಲ್ಲೆಯ ದಲಿತ ನಾಯಕ ಆರ್. ಚನ್ನಿಗರಾಮಯ್ಯ ಅವರೂ ಇದ್ದರು. ಈ ಸೀಮೆಯ ದೃಷ್ಟಿಯಿಂದ ಇದು ಸಣ್ಣ ಬದಲಾವಣೆಯಲ್ಲ. ತಲೆಮಾರುಗಳಿಂದ ಆಡಳಿತದ ಹೊಸ್ತಿಲಾಚೆಗೆ ನಿಂತಿದ್ದ ಸಮುದಾಯದವರೊಬ್ಬರು ಸರ್ಕಾರದೊಳಗೆ ಕುಳಿತರು.

ಹೊಸ ವ್ಯವಸ್ಥೆ ಪೂರ್ಣವಾಗಿರಲಿಲ್ಲ. ಮೊದಲಿಯಾರರು 1949ರವರೆಗೂ ದಿವಾನರಾಗಿ ಮುಂದುವರಿದರು. ಭಾರತದ ಸಂವಿಧಾನವೇ ಮೈಸೂರಿಗೂ ಅನ್ವಯವಾಗುತ್ತದೆಂಬ ಮಹಾರಾಜರ ಘೋಷಣೆ ಹೊರಬಿದ್ದದ್ದು 1949ರ ನವೆಂಬರ್ 25ರಂದು. ಆದರೂ ಮಂತ್ರಿಗಳು ಜನಪ್ರತಿನಿಧಿಗಳೆಂಬ ತತ್ತ್ವ ನೆಲೆಗೊಂಡದ್ದು 1947ರ ಅಕ್ಟೋಬರ್‌ನಲ್ಲಿಯೇ.

ಉಪಸಂಹಾರ

ಮೈಸೂರು ಮಾದರಿ ಸಂಸ್ಥಾನವಾಗಿತ್ತು, ಅಲ್ಲಿ ಅಧಿಕಾರ ಹಸ್ತಾಂತರ ಸಲೀಸಾಗಿ ನಡೆಯಿತು ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಅರಮನೆ ಮತ್ತು ದೆಹಲಿಯ ನಡುವಿನ ವ್ಯವಹಾರಕ್ಕೆ ಅದು ಸಲ್ಲುತ್ತದೆ. ಅರಮನೆ ಮತ್ತು ಪ್ರಜೆಗಳ ನಡುವಿನ ವ್ಯವಹಾರಕ್ಕೆ ಸಲ್ಲುವುದಿಲ್ಲ. ಮೊದಲನೆಯದು ಒಂದು ಸಹಿಯಲ್ಲಿ ಮುಗಿಯಿತು. ಎರಡನೆಯದಕ್ಕೆ ಸೆರೆಮನೆ, ಗೋಲಿಬಾರ್, ಸಾವುಗಳ ಬೆಲೆ ತೆರಬೇಕಾಯಿತು. ಪಾವಗಡದಿಂದ ಹಿಂದೂಪುರದವರೆಗಿನ ಗಡಿಯನ್ನು ಮುಂದಿಟ್ಟುಕೊಂಡು ಓದಿದಾಗ ಈ ಭೇದ ಮರೆಯಾಗಲು ಸಾಧ್ಯವೇ ಇಲ್ಲ. ಆದ್ದರಿಂದ ನಮ್ಮ ಶಾಲೆಗಳ ಚರಿತ್ರೆಯಲ್ಲಿ ಆಗಸ್ಟ್ 15ರ ಪಕ್ಕದಲ್ಲಿ 1947ರ ಅಕ್ಟೋಬರ್ 25ಕ್ಕೂ ಜಾಗ ಸಿಗಬೇಕು. ದೊರೆ ದೇಶಕ್ಕೆ ಸೇರಿದ್ದನ್ನು ಒಂದು ದಿನಾಂಕ ಹೇಳಿದರೆ, ಪ್ರಜೆ ಪೌರನಾಗತೊಡಗಿದ್ದನ್ನು ಇನ್ನೊಂದು ಹೇಳುತ್ತದೆ.