ಸುಂಕದವನ ಮುಂದೆ ಸುಖದುಃಖ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬುದು ಹಳೆಯ ಗಾದೆ. ಸುಂಕದವನ ಕಣ್ಣು ಗಾಡಿಯ ಮೇಲೆ, ಹೇರಿನ ಮೇಲೆ. ಗಾಡಿ ಹೊಡೆಯುವವನ ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿ ಎಂಬುದು ಅವನ ಲೆಕ್ಕಕ್ಕೆ ಬಾರದು. ವಾಹನ ಓಡಿದಷ್ಟು ದೂರಕ್ಕೆ ತೆರಿಗೆ ಹಾಕಬೇಕೆಂಬ ಈಚಿನ ವಾದಕ್ಕೂ ಈ ಗಾದೆ ಚೆನ್ನಾಗಿ ಒಪ್ಪುತ್ತದೆ.

ದಾರಿಗೆ ಸುಂಕ ಕೇಳುವುದು ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ವರ್ತನಿ’ ಎಂಬ ದಾರಿ ತೆರಿಗೆಯ ವಿವರವಿದೆ. ಸರಕಿನ ಗಾಡಿಗೆ ಒಂದೂಕಾಲು ಪಣ, ತಲೆಹೊರೆಗೆ ಒಂದು ಮಾಷ. ಅದನ್ನು ಪಡೆದ ಗಡಿ ಅಧಿಕಾರಿ, ದಾರಿಯಲ್ಲಿ ಕಳವಾದ ಸರಕಿನ ನಷ್ಟವನ್ನೂ ತುಂಬಿಕೊಡಬೇಕಿತ್ತು. ಇಂದಿನ ಟೋಲ್‌ಗೇಟುಗಳಲ್ಲಿ ಇಂಥ ಷರತ್ತು ಕಾಣಸಿಗದು! ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕ ವಸೂಲಿಯೇ ಕಾಯಕವಾಗಿದ್ದ ಸುಂಕದ ಬಂಕಣ್ಣನೂ ಒಬ್ಬ.

ಹತ್ತೊಂಬತ್ತನೆಯ ಶತಮಾನದ ಮೈಸೂರು ಸೀಮೆಯಲ್ಲಿ ‘ಸಾಯರ್’ ಎಂಬ ಹೆಸರಿನಲ್ಲಿ ಸರಕು ಸುಂಕ ವಸೂಲಾಗುತ್ತಿತ್ತು. ಮಲೆನಾಡಿನ ನಗರದಿಂದ ವಾಲಾಜಾಪೇಟೆಗೆ ಹೊರಟ ಅಡಿಕೆ ಮೂಟೆ ದಾರಿಯುದ್ದಕ್ಕೂ ಕಟ್ಟೆಗಳಲ್ಲಿ ನಿಲ್ಲಬೇಕಿತ್ತು. ದೂರ ಹೆಚ್ಚಿದಷ್ಟೂ ಕಟ್ಟೆ ಹೆಚ್ಚು, ಕಟ್ಟೆ ಹೆಚ್ಚಿದಷ್ಟೂ ಸುಂಕ ಹೆಚ್ಚು. ಕಿಲೋಮೀಟರ್ ಎಂಬ ಮಾತೇ ಇಲ್ಲದ ಕಾಲದಲ್ಲಿ ಇದೇ ದೂರದ ತೆರಿಗೆ. ವರ್ತಕ ಅದನ್ನು ಬೆಲೆಗೆ ಸೇರಿಸುತ್ತಿದ್ದ. ಕೊನೆಗೆ ತೆರುತ್ತಿದ್ದದ್ದು ಕೊಳ್ಳುವವನ ಮನೆ. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳು ರದ್ದಾದವು. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ, ಟೋಲ್‌ಗೇಟ್ ಎಂಬ ಹೆಸರುಗಳು ಮಾತ್ರ ಉಳಿದಿವೆ.

ಮೋಟಾರು ಯುಗದಲ್ಲಿ ದೂರದ ತೆರಿಗೆ ಪೆಟ್ರೋಲಿನೊಳಗೆ ಅಡಗಿತು. ಹೆಚ್ಚು ಓಡಿಸಿದವನು ಹೆಚ್ಚು ತುಂಬಿಸುತ್ತಾನೆ, ಹೆಚ್ಚು ತೆರುತ್ತಾನೆ. ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು. ವಿದ್ಯುತ್ ವಾಹನಗಳಿಗೆ ಈ ತೆರಿಗೆ ತಟ್ಟುವುದಿಲ್ಲ. ಆದ್ದರಿಂದಲೇ ಹೊರದೇಶಗಳು ಓಡಿದ ದೂರವನ್ನೇ ಅಳೆಯಲು ಹೊರಟಿವೆ. ಅಮೆರಿಕದ ಆರೆಗನ್ ರಾಜ್ಯ 2015ರಲ್ಲಿ, ಇಚ್ಛೆಯುಳ್ಳವರಿಗಾಗಿ, ಮೈಲಿಗೆ ಒಂದೂವರೆ ಸೆಂಟ್ ದರದ ಯೋಜನೆ ತಂದಿತು. ಐಸ್‌ಲೆಂಡ್ 2024ರಿಂದ ವಿದ್ಯುತ್ ಕಾರುಗಳಿಗೆ ಕಿಲೋಮೀಟರಿಗೆ 6 ಕ್ರೋನ ವಿಧಿಸಿತು.

ಇದರ ಬಿಸಿ ಮನೆಗೆ ಹೇಗೆ ತಟ್ಟುತ್ತದೆಂದು ತಿಳಿಯಲು ಹೆಸರಘಟ್ಟದತ್ತ ನೋಡಬೇಕು. 1890ರ ದಶಕದಲ್ಲಿ ಬೆಂಗಳೂರಿಗೆ ನೀರು ಕಳಿಸಿದ ಊರಿದು. ಈಗ ಅಲ್ಲಿಂದ ಜನರೇ ದಿನವೂ ಬೆಂಗಳೂರಿಗೆ ಹರಿಯುತ್ತಾರೆ. ಊರಿನ ರಸ್ತೆ ತುಮಕೂರು ರಸ್ತೆಯನ್ನು ಸೇರುವ ಜಾಗದ ಹೆಸರೇ ಎಂಟನೇ ಮೈಲಿ. ಮೆಟ್ರೊ ಬೇಕೆಂದರೂ ಅಲ್ಲಿಯವರೆಗೆ ಬರಬೇಕು.

ಹೆಸರಘಟ್ಟದಿಂದ 25 ಕಿ.ಮೀ. ದೂರದ ಕಚೇರಿಗೆ ಕಾರಿನಲ್ಲಿ ಹೋಗಿಬರುವವರು ತಿಂಗಳ 25 ಕೆಲಸದ ದಿನಗಳಲ್ಲಿ 1,250 ಕಿ.ಮೀ. ಕ್ರಮಿಸುತ್ತಾರೆ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಲ್ಲಿ ಕಾರಿಗೆ ಗೊತ್ತುಮಾಡಿದ ಮೂಲ ದರ ಕಿಲೋಮೀಟರಿಗೆ 65 ಪೈಸೆ. ಊರ ರಸ್ತೆಗೂ ಅದನ್ನೇ ಹಾಕಿದರೆ ತಿಂಗಳಿಗೆ 812 ರೂಪಾಯಿ 50 ಪೈಸೆ. ಮಲ್ಲೇಶ್ವರದಲ್ಲಿದ್ದು 5 ಕಿ.ಮೀ. ದೂರದ ಕಚೇರಿಗೆ ಹೋಗುವವರಿಗೆ 162 ರೂಪಾಯಿ 50 ಪೈಸೆ. ರಸ್ತೆ ಸವೆತದ ಲೆಕ್ಕದಲ್ಲಿ ಇದು ನ್ಯಾಯವೇ. ಆದರೆ ಸೈಟಿನ ಬೆಲೆ, ಬಾಡಿಗೆ ತಾಳಲಾರದೆ ಊರಾಚೆ ಮನೆ ಮಾಡಿದವರಿಗೆ ದೂರವೆಂಬುದು ಶೋಕಿಯಲ್ಲ. ಹೆದ್ದಾರಿ ಟೋಲಿನಿಂದ ದ್ವಿಚಕ್ರ ವಾಹನಗಳಿಗೆ ವಿನಾಯಿತಿಯಿದೆ, ನಿಜ. ವಾಹನವೇ ಇಲ್ಲದ ಮನೆಗೂ ತರಕಾರಿ ಬರುವುದು ಟೆಂಪೊದಲ್ಲಿ. ಯಶವಂತಪುರದಿಂದ ಬರಿದಾಗಿ ಮರಳುವ ಟೆಂಪೊ ಕೂಡ ಕಿಲೋಮೀಟರು ಓಡಿಸಿಯೇ ಮರಳಬೇಕು.

ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದಿ, ಹೆದ್ದಾರಿಗಳಲ್ಲಿ ಉಪಗ್ರಹದ ನೆರವಿನಿಂದ ದೂರ ಅಳೆದು ಶುಲ್ಕ ಪಡೆಯಲು ಅವಕಾಶ ಕಲ್ಪಿಸಿತು. 2025ರ ಆಗಸ್ಟ್ 15ರಿಂದ ಬಂದ ಪಾಸು ಇದಕ್ಕೆ ತದ್ವಿರುದ್ಧ: ಖಾಸಗಿ ಕಾರಿಗೆ, ಆರಂಭದಲ್ಲಿ 3,000 ರೂಪಾಯಿಗೆ, ವರ್ಷಕ್ಕೆ 200 ಸಲ ಟೋಲ್ ದಾಟುವ ಸೌಲಭ್ಯ. ಬಸ್ಸು, ಲಾರಿಗಳಿಗೆ ಇದಿಲ್ಲ.

ಉಪಗ್ರಹ ನಿಯಮದಲ್ಲೂ ಒಂದು ರಿಯಾಯಿತಿಯಿದೆ. ದಿನಕ್ಕೆ ಪ್ರತಿ ದಿಕ್ಕಿನಲ್ಲಿ 20 ಕಿ.ಮೀ.ವರೆಗೆ ಶುಲ್ಕವಿಲ್ಲ, ಅದನ್ನು ಮೀರಿದರೆ ನಿಜವಾಗಿ ಕ್ರಮಿಸಿದ ದೂರಕ್ಕೆ ಶುಲ್ಕ. ಇದೇ ಸೂತ್ರ ಊರ ರಸ್ತೆಗೂ ಬಂದರೆ ಮಲ್ಲೇಶ್ವರದ ಮನೆ ಕೊಡುವುದು ಸೊನ್ನೆ. ಹೆಸರಘಟ್ಟದ ಮನೆಯದು ಅದೇ 812 ರೂಪಾಯಿ 50 ಪೈಸೆ.