ಬೆಂಗಳೂರಿನ ಹೆಸರು ಹೊತ್ತ ಗೊಬ್ಬರ

ಕೃಷಿ ಓದುವ ಹುಡುಗರ ಪುಸ್ತಕದಲ್ಲಿ ‘ಬೆಂಗಳೂರು ವಿಧಾನ’ ಎಂಬ ಮಾತು ಇರುತ್ತದೆ. ಅದು ಸಾಫ್ಟ್‌ವೇರ್‌ಗೆ ಸಂಬಂಧಿಸಿದ್ದಲ್ಲ, ಊರ ಕಸವನ್ನು ಗೊಬ್ಬರ ಮಾಡುವ ಕ್ರಮ!

ಅದಕ್ಕೂ ಮೊದಲು ಇದ್ದದ್ದು ಇಂದೋರ್ ವಿಧಾನ. ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ 1931ರ ಪುಸ್ತಕದಲ್ಲಿ ಅದನ್ನು ವಿವರಿಸಿದರು. ಅದರಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕು, ನೀರು ಚಿಮುಕಿಸಬೇಕು, ಕೂಲಿ ಜಾಸ್ತಿ. 1939ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಸಿ.ಎನ್. ಆಚಾರ್ಯ ಅವರು ಮಗುಚುವ ಕೆಲಸವನ್ನೇ ಬಿಡಿಸಿಬಿಟ್ಟರು. ಸುಮಾರು ಒಂದು ಮೀಟರ್ ಆಳದ ಗುಂಡಿ. ಒಂದು ಪದರ ಕಸ, ಮೇಲೆ ತೆಳ್ಳಗೆ ಮಲ, ಮತ್ತೆ ಕಸ. ತುಂಬಿದ ಮೇಲೆ ಮಣ್ಣು ಮೆತ್ತಿದರಾಯಿತು. ಮೊದಲ ಎಂಟು-ಹತ್ತು ದಿನ ಒಳಗೆ ಕಾವೇರುತ್ತದೆ, ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕೊಳೆಯುತ್ತದೆ. ಆರರಿಂದ ಎಂಟು ತಿಂಗಳಿಗೆ ಗೊಬ್ಬರ ಸಿದ್ಧ.

ಪುಸ್ತಕ ‘ಮಲದ ಪದರ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಅದನ್ನು ಮನೆಮನೆಯಿಂದ ಹೊತ್ತು ತಂದವರು ಯಾವ ಕೇರಿಯವರು ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪನವರು. ಗೊಬ್ಬರದ ಚರಿತ್ರೆಯಲ್ಲಿ ಆಚಾರ್ಯರ ಪಕ್ಕದಲ್ಲೇ ಅವರ ಹೆಸರೂ ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ಅದೇ ದಶಕದಲ್ಲಿ, 1975ರಲ್ಲಿ, ಸರ್ಕಾರ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪಿಸಿತು. ಆದರೆ ಊರು ಬೆಳೆದ ವೇಗಕ್ಕೆ ನಿಗಮ ಒಂದೇ ಸಾಲುವುದೆಲ್ಲಿ? ಅಷ್ಟರಲ್ಲಿ ಕಸವೂ ಬದಲಾಗಿತ್ತು. ಹಿಂದೆ ತೊಟ್ಟಿಯಲ್ಲಿ ಇರುತ್ತಿದ್ದದ್ದು ತರಕಾರಿ ಸಿಪ್ಪೆ, ಬಾಳೆಲೆ, ಒಲೆಯ ಬೂದಿ. ಈಗ ಅನ್ನ-ಸಾರಿನ ಜೊತೆ ಪ್ಲಾಸ್ಟಿಕ್ ಕವರು, ಬ್ಯಾಟರಿ, ಒಡೆದ ಗಾಜು. ಹೀಗೆ ಕಲಸಿದ್ದನ್ನು ಕೊಳೆಸಿದರೆ ರೈತ ಗದ್ದೆಗೆ ಹಾಕುವಂಥ ಗೊಬ್ಬರ ಬರುವುದಿಲ್ಲ. ಹಾಗಾಗಿ ಲಾರಿಗಳು ಮಾವಳ್ಳಿಪುರ, ಮಂಡೂರುಗಳ ದಾರಿ ಹಿಡಿದವು.

2012ರಲ್ಲಿ ಆ ಹಳ್ಳಿಗಳ ಜನ ಸಾಕೆಂದರು. ಬೀದಿಬೀದಿಯಲ್ಲಿ ಕಸ ಗುಡ್ಡೆ ಬಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಹೈಕೋರ್ಟ್, ಹಸಿ ಕಸ-ಒಣ ಕಸ ಮನೆಯಲ್ಲೇ ಬೇರೆಯಾಗಬೇಕು ಎಂದು ಆದೇಶಿಸಿತು. ಮಂಡೂರಿಗೆ ಲಾರಿ ಹೋಗುವುದು ನಿಂತದ್ದು 2014ರ ಕೊನೆಗೆ. ಅಲ್ಲಿಯವರೆಗೆ ಆ ಊರಿನವರು ನೊಣದ ನಡುವೆಯೇ ಉಂಡರು.