ಟಿಬಿಯಂತೆ ಕಾಣುವ ಅಪರೂಪದ ಕ್ಯಾನ್ಸರ್: ಶ್ವಾಸಕೋಶದ ಮಾಲ್ಟ್ ಲಿಂಫೋಮಾ

ಶ್ವಾಸಕೋಶದಲ್ಲೇ ಹುಟ್ಟುವ ಲಿಂಫೋಮಾ ಬಹಳ ಅಪರೂಪ. ಅಲ್ಲಿನ ಕ್ಯಾನ್ಸರ್‌ಗಳಲ್ಲಿ ಶೇ. 1ರಷ್ಟೂ ಇಲ್ಲ. ಅದರಲ್ಲಿ ಹೆಚ್ಚಾಗಿ ಸಿಗುವುದು ಮಾಲ್ಟ್ ಲಿಂಫೋಮಾ. 1983ರಲ್ಲಿ ಐಸಾಕ್ಸನ್ ಮತ್ತು ರೈಟ್ ಎಂಬ ವೈದ್ಯರು ಈ ಬಗೆಯನ್ನು ಮೊದಲು ಹೊಟ್ಟೆ, ಕರುಳಿನಲ್ಲಿ ಗುರುತಿಸಿದ್ದರು.

ಇದು ತುಂಬಾ ನಿಧಾನಕ್ಕೆ ಬೆಳೆಯುತ್ತದೆ. ಕೆಲವರಿಗೆ ಕೆಮ್ಮು, ದಮ್ಮು. ಎಷ್ಟೋ ಮಂದಿಗೆ ಏನೂ ಇರುವುದಿಲ್ಲ, ಬೇರೆ ಯಾವುದಕ್ಕೋ ತೆಗೆಸಿದ ಎಕ್ಸ್‌ರೇಯಲ್ಲಿ ಬಿಳಿ ಕಲೆ ಕಾಣುತ್ತದೆ. ಗೊಂದಲ ಶುರುವಾಗುವುದೇ ಇಲ್ಲಿ. ಆ ಕಲೆ ನ್ಯುಮೋನಿಯಾ ಅಥವಾ ಟಿಬಿಯಂತೆಯೇ ಇರುತ್ತದೆ. ಆಂಟಿಬಯೋಟಿಕ್ ಮುಗಿದರೂ ಕಲೆ ಹೋಗದಿದ್ದರೆ, ಕಫ ಪರೀಕ್ಷೆಯಲ್ಲೂ ಟಿಬಿ ಸಿಗದಿದ್ದರೆ ಬಯಾಪ್ಸಿ ಬಗ್ಗೆ ಡಾಕ್ಟರರಲ್ಲಿ ಕೇಳಲೇಬೇಕು. ಸಿಟಿ ಸ್ಕ್ಯಾನ್ ಸಂಶಯ ಹುಟ್ಟಿಸುತ್ತದೆ ಅಷ್ಟೇ, ತೀರ್ಪು ಕೊಡುವುದಿಲ್ಲ.

ಬ್ರಾಂಕೋಸ್ಕೋಪಿಯಲ್ಲಿ ಸಿಗುವ ತುಣುಕು ಚಿಕ್ಕದು, ಕೆಲವೊಮ್ಮೆ ಸಾಲದು. ಆಗ ಸಿಟಿ ನೋಡಿಕೊಂಡು ಸೂಜಿ ಹಾಕಿ, ಇಲ್ಲವೇ ಕೀಹೋಲ್ ಸರ್ಜರಿಯಲ್ಲಿ ದೊಡ್ಡ ತುಂಡು ತೆಗೆಯುತ್ತಾರೆ. ಲ್ಯಾಬಿನ ಇಮ್ಯುನೋ ಪರೀಕ್ಷೆಯಲ್ಲಿ ಸಿಡಿ20 ಪಾಸಿಟಿವ್ ಬರುತ್ತದೆ. ಸಿಡಿ5, ಸಿಡಿ10 ಸಾಮಾನ್ಯವಾಗಿ ನೆಗೆಟಿವ್. ಬಯಾಪ್ಸಿಗೆ ಮೊದಲು ಸ್ಟೀರಾಯ್ಡ್ ತಗೊಂಡಿದ್ದರೆ ಗುರುತು ಮಸುಕಾಗಬಹುದು, ಅದನ್ನು ಮುಚ್ಚಿಡದೆ ಹೇಳಬೇಕು. ಎರಡನೇ ಅಭಿಪ್ರಾಯಕ್ಕೆ ಹೋಗುವವರು ರಿಪೋರ್ಟ್ ಜೊತೆ ಲ್ಯಾಬಿನಿಂದ ಪ್ಯಾರಾಫಿನ್ ಬ್ಲಾಕನ್ನೂ ಕೇಳಿ ತಗೊಳ್ಳಲಿ. ಮತ್ತೆ ಚುಚ್ಚಿಸಿಕೊಳ್ಳುವುದು ಹೆಚ್ಚಾಗಿ ತಪ್ಪುತ್ತದೆ.

ರೋಗ ಖಚಿತವಾದರೂ, ತೊಂದರೆ ಇಲ್ಲದವರಿಗೆ ಮದ್ದು ಶುರು ಮಾಡದೆ ಆಗಾಗ ಸ್ಕ್ಯಾನ್ ಮಾಡುತ್ತಾ ಕಾಯುವುದೂ ಉಂಟು.